ಗಿರಣಿಯ ಮುಂದೆ ನಿಂತ ಶರೀಫಜ್ಜ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ವಿಷಯ ಸಣ್ಣದೇನಲ್ಲ, ಡಿಜಿಟಲ್ ತಂತ್ರಜ್ಞಾನದಿಂದ ಬಡತನ ಕಡಿಮೆ ಮಾಡುವುದು. ಮಾರುಕಟ್ಟೆಯ ದರ ರೈತನ ಫೋನಿಗೆ ಬಂದರೆ ದಲ್ಲಾಳಿಯ ಮೋಸ ನಿಲ್ಲುತ್ತದೆ, ರೈತನ ಕೈಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ ಅನ್ನೋದು ನಮ್ಮ ಐಡಿಯಾ. ಆ್ಯಪ್ ರೆಡಿ ಆಯ್ತು. ಬಣ್ಣ ಚೆನ್ನಾಗಿತ್ತು, ಗ್ರಾಫ್ ಚೆನ್ನಾಗಿತ್ತು. ತೋರಿಸೋಕೆ ಅಂತ ನಮ್ಮಲ್ಲೊಬ್ಬನ ಊರಿಗೆ ಹೋದ್ವಿ. ಶಿಗ್ಗಾವಿ ತಾಲೂಕಿನ ಒಂದು ಹಳ್ಳಿ.

ಅಲ್ಲಿ ನಮ್ಮ ಗೆಳೆಯನ ಅಜ್ಜಿ ಮತ್ತು ಇಬ್ಬರು ಕಾಕಾಗಳು ಫೋನ್ ಹಿಡಿದು ನೋಡಿದರು. ಪರದೆಯ ಮೇಲೆ ಮಿನಿಮಮ್, ಮ್ಯಾಕ್ಸಿಮಮ್, ಮೋಡಲ್ ಅಂತ ಮೂರು ದರ ಇದ್ದವು. ಇಂಗ್ಲಿಷ್ ಪದಗಳನ್ನೇ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿ ನಾವು ಕನ್ನಡ ಆ್ಯಪ್ ಮಾಡಿದ್ವಿ. ಮೋಡಲ್ ಅಂದರೇನು ಅಂತ ದೊಡ್ಡ ಕಾಕಾ ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಸ್ಟ್ಯಾಟಿಸ್ಟಿಕ್ಸ್ ಪೇಪರಿನಲ್ಲಿ ಅದರ ಮೇಲೆ ಮಾರ್ಕ್ಸ್ ತಗೊಂಡವರು ನಾವು, ಆದರೆ ಹತ್ತನೇ ಕ್ಲಾಸಿನವರೆಗೂ ಇಂಗ್ಲಿಷ್ ಮೀಡಿಯಂ. ಅವತ್ತು ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಆ ದರ ಅಂತ ಹೇಳೋಕೆ ನಮಗೆ ಐದು ನಿಮಿಷ ಬೇಕಾಯ್ತು. ಅಷ್ಟರಲ್ಲಿ ಅಜ್ಜಿ ಇನ್ನೊಂದು ಪ್ರಶ್ನೆ ಕೇಳಿದರು. ದರ ಕಾಣಿಸ್ತದ, ಸರಿ, ಅದನ್ನ ಹಚ್ಚೋರು ಯಾರು ಅಂತ ಇದರಾಗ ಕಾಣಿಸ್ತದೇನು? ಅದಕ್ಕೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ.

ವಾಪಸ್ ಬರುವಾಗ ಅದೇ ತಾಲೂಕಿನ ಶಿಶುವಿನಹಾಳಕ್ಕೆ ಹೋದ್ವಿ. ಶಿಶುನಾಳ ಅಂದರೆ ಎಲ್ಲರಿಗೂ ಗೊತ್ತು. ಶರೀಫಜ್ಜನ ಗದ್ದುಗೆ ನೋಡಿ ಬರೋಣ ಅನ್ನೋದಷ್ಟೇ ಉದ್ದೇಶ. ಅಲ್ಲಿಯವರೆಗೆ ಶರೀಫರು ನಮಗೆ ಗೊತ್ತಿದ್ದದ್ದು ಹಾಸ್ಟೆಲ್‌ನ ಬ್ಲೂಟೂತ್ ಸ್ಪೀಕರಿನಲ್ಲಿ, ಸಿ. ಅಶ್ವತ್ಥ್ ಅವರ ದನಿಯಲ್ಲಿ. ಬಂದ ಮೇಲೆ ಅವರ ಬಗ್ಗೆ ಓದೋಕೆ ಶುರು ಮಾಡಿದ್ವಿ. ಓದುತ್ತಾ ಹೋದ ಹಾಗೆ, ನಾವು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೆಯಬೇಕಾಗಿದ್ದ ಮಾತು ಆ ಬದುಕಿನಲ್ಲೇ ಇದೆ ಅನ್ನಿಸಿತು. ಅದಕ್ಕೇ ಈ ಲೇಖನ.

ಮೊದಲು ಊರಿನ ಬಗ್ಗೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈಗ ಹಾವೇರಿ ಜಿಲ್ಲೆಯ ತಾಲೂಕುಗಳು. 1997ರವರೆಗೆ ಇವು ಧಾರವಾಡ ಜಿಲ್ಲೆಯಲ್ಲಿದ್ದವು. ಒಂದು ಕಡೆ ಮಲೆನಾಡಿನ ಸೆರಗು, ಇನ್ನೊಂದು ಕಡೆ ಎರೆಹೊಲದ ಬಯಲು. ಬಹುಪಾಲು ಮಳೆ ನಂಬಿದ ಬೇಸಾಯ. ಶಿಗ್ಗಾವಿ ತಾಲೂಕಿನ ಬಾಡ ಕನಕದಾಸರ ಊರು. ಹಿರೇಕೆರೂರು ಸೀಮೆ ಸರ್ವಜ್ಞನದು ಅಂತ ಜನ ಹೇಳುತ್ತಾರೆ. ಸವಣೂರಿನಲ್ಲಿ ನವಾಬರ ಆಳ್ವಿಕೆ ಇತ್ತು, ಅಲ್ಲಿ ಹುಟ್ಟಿದ ವಿ. ಕೃ. ಗೋಕಾಕರಿಗೆ ಮುಂದೆ ಜ್ಞಾನಪೀಠ ಬಂತು. ಹಾನಗಲ್ಲ ಕುಮಾರ ಸ್ವಾಮಿಗಳ ಊರು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಮಾತು ಬಲ್ಲವರು! ಆದರೂ ಇದು ಶ್ರೀಮಂತರ ಸೀಮೆ ಆಗಿರಲಿಲ್ಲ.

ಶರೀಫರು ಹುಟ್ಟಿದ್ದು 1819ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಪೇಶ್ವೆಗಳ ಆಳ್ವಿಕೆ ಮುಗಿದು ಧಾರವಾಡ ಸೀಮೆ ಬ್ರಿಟಿಷರ ಕೈಗೆ ಹೋಗಿತ್ತು. ಅಂದರೆ ಅವರ ಇಡೀ ಬದುಕು ಕಂಪನಿ ಸರಕಾರ, ಆಮೇಲೆ ರಾಣಿ ಸರಕಾರ, ಇವುಗಳ ಕೆಳಗೇ ಕಳೆಯಿತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಡ ಮನೆತನ. ಪಕ್ಕದ ಹುಲಗೂರಿನಲ್ಲಿ ಖಾದರಿ ಶರಣರ ದರ್ಗಾ ಇದೆ. ಆ ಶರಣರಲ್ಲಿ ಶರೀಫರ ತಂದೆತಾಯಿಗೆ ತುಂಬಾ ಭಕ್ತಿ. ಅವರ ಆಶೀರ್ವಾದದಿಂದಲೇ ಮಗ ಹುಟ್ಟಿದ ಅಂತ ಊರಲ್ಲಿ ನಂಬಿಕೆ. ಆ ಪರಂಪರೆಯಲ್ಲಿ ಹಿಂದೂ ಮುಸ್ಲಿಂ ಅನ್ನುವ ಗೋಡೆ ಗಟ್ಟಿಯಾಗಿರಲಿಲ್ಲ. ಹೀಗಾಗಿ ಹುಡುಗ ರಾಮಾಯಣ, ಮಹಾಭಾರತ, ಶರಣರ ವಚನ, ಕುರಾನ್ ಎಲ್ಲವನ್ನೂ ಕೇಳುತ್ತಲೇ ಬೆಳೆದ. ಬಯಲಾಟದ ಹುಚ್ಚೂ ಇತ್ತಂತೆ.

ಹತ್ತಿರದ ಕಳಸ ಅನ್ನುವ ಊರಿನಲ್ಲಿ ಗೋವಿಂದಭಟ್ಟರು ಅಂತ ಒಬ್ಬ ಬ್ರಾಹ್ಮಣರಿದ್ದರು. ಮಡಿಮೈಲಿಗೆ ಲೆಕ್ಕಕ್ಕಿಲ್ಲ, ಜಾತಿ ಲೆಕ್ಕಕ್ಕಿಲ್ಲ, ಯಾರ ಮನೆಯಲ್ಲೂ ಕೂರುತ್ತಾರೆ. ಅವರ ಜಾತಿಯವರಿಗೆ ಇದು ಸಹಿಸದ ವಿಷಯ. ಇಮಾಮ ಸಾಹೇಬರು ಮಗನನ್ನು ಕರೆದುಕೊಂಡು ಹೋಗಿ ಇವರ ಕೈಗೆ ಒಪ್ಪಿಸಿದರು. ಆ ಮೊದಲ ಭೇಟಿಯ ಬಗ್ಗೆ ಒಂದು ಕಥೆ ಇದೆ. ನಿಮ್ಮಪ್ಪ ಯಾರು ಅಂತ ಗುರು ಕೇಳಿದಾಗ, ನಿಮ್ಮಪ್ಪ ಯಾರೋ ಅವನೇ ನಮ್ಮಪ್ಪನೂ ಅಂತ ಹುಡುಗ ಹೇಳಿದನಂತೆ. ಗುರು ಅಲ್ಲೇ ಒಪ್ಪಿಕೊಂಡರಂತೆ. ಮುಂದೆ ಊರವರು ತಕರಾರು ತೆಗೆದಾಗ ಭಟ್ಟರು ತಮ್ಮ ಜನಿವಾರವನ್ನೇ ಶಿಷ್ಯನಿಗೆ ಹಾಕಿದರು ಅನ್ನೋ ಕಥೆಯೂ ಆ ಕಡೆ ಊರೂರಲ್ಲಿ ಕೇಳಿಬರುತ್ತದೆ.

ಈ ಕಥೆಗಳನ್ನು ನಾವು ಮೊದಲು ಭಾವೈಕ್ಯದ ಪಾಠ ಅಂತ ಮಾತ್ರ ಓದಿದ್ವಿ. ಈಗ ಇನ್ನೊಂದು ಕಾಣುತ್ತದೆ. ಆ ಕಾಲದಲ್ಲಿ ವಿದ್ಯೆ ಅನ್ನೋದು ಲಾಕ್ ಆಗಿದ್ದ ಸಾಮಾನು. ಸಂಸ್ಕೃತದ ವಿದ್ಯೆ ಒಂದು ಜಾತಿಯ ಮನೆಯಲ್ಲಿ, ಅರಬ್ಬಿ ಫಾರಸಿ ವಿದ್ಯೆ ಇನ್ನೊಂದು ಕಡೆ, ಕಚೇರಿಯ ಮೋಡಿ ಲಿಪಿ ಕುಲಕರ್ಣಿಯ ಕೈಯಲ್ಲಿ. ಬಡವನಿಗೆ ಅನ್ನದಷ್ಟೇ ಅಕ್ಷರವೂ ದುಬಾರಿ. ಗೋವಿಂದಭಟ್ಟರು ಮಾಡಿದ್ದು ಆ ಬೀಗ ತೆಗೆಯುವ ಕೆಲಸ. ತಮ್ಮ ಹತ್ತಿರ ಇದ್ದದ್ದನ್ನು, ಯಾರಿಗೆ ಕೊಡಬಾರದು ಅಂತ ಸಮಾಜ ಹೇಳಿತ್ತೋ ಅವರಿಗೇ ಕೊಟ್ಟರು. ಅದಕ್ಕೆ ಅವರು ತೆತ್ತ ಬೆಲೆ ಸ್ವಂತ ಜನರ ಸಿಟ್ಟು.

ಶರೀಫರು ಮುಲ್ಕಿ ಪರೀಕ್ಷೆ ಪಾಸಾದರು. ಆ ಕಾಲಕ್ಕೆ ಅದು ಸರಕಾರಿ ನೌಕರಿಗೆ ದಾರಿ. ಮಂಡಿಗನಾಳ ಮುಂತಾದ ಹಳ್ಳಿಗಳಲ್ಲಿ ಕನ್ನಡ ಶಾಲೆ ಮಾಸ್ತರರಾಗಿ ಕೆಲಸ ಮಾಡಿದರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಪ್ಲೇಸ್‌ಮೆಂಟ್ ಆಯಿತು. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ, ನೌಕರಿ ಬಿಟ್ಟರು. ಗುರುವಿನ ಜೊತೆ ಊರೂರು ತಿರುಗಿದರು. ಮನೆಯವರು ಕುಂದಗೋಳದ ಫಾತಿಮಾ ಅವರ ಜೊತೆ ಮದುವೆ ಮಾಡಿದರು. ಒಂದು ಹೆಣ್ಣು ಮಗು ಆಯಿತು. ಸ್ವಲ್ಪೇ ಕಾಲದಲ್ಲಿ ಹೆಂಡತಿ ತೀರಿಕೊಂಡರು. ತಂದೆತಾಯಿಯೂ ಹೋದರು. ಆಮೇಲೆ ಶರೀಫರು ಮನೆ ಅಂತ ಕಟ್ಟಿಕೊಳ್ಳಲಿಲ್ಲ. ಗುರು ತೀರಿಕೊಂಡ ಮೇಲಂತೂ ಹಾಡೇ ಅವರ ಬಂಧು ಬಳಗ.

ಅವರ ಹಾಡುಗಳಲ್ಲಿ ಬರುವ ಸಾಮಾನುಗಳನ್ನು ಒಂದು ಸಲ ಲಿಸ್ಟ್ ಮಾಡಿ ನೋಡಿ. ಸೋರುವ ಮಾಳಿಗೆ, ತಂಬೂರಿ, ಒನಕೆ, ಕೋಳಿ, ಹಾವು, ಜಾರಿ ಬೀಳುವ ಮುದುಕಿ. ಎಲ್ಲ ಬಡವರ ಮನೆಯವೇ. ಮಾಳಿಗೆ ಸೋರುತ್ತದೆ ಅಂತ ಅವರು ಹೇಳಿದಾಗ ಅದು ಅಜ್ಞಾನದ ಮಾತು ಅಂತ ಪಂಡಿತರು ವಿವರಿಸುತ್ತಾರೆ, ಸರಿಯೇ. ಆದರೆ ಮಳೆಗಾಲದಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟು ರಾತ್ರಿಯೆಲ್ಲ ಕೂತ ಹೆಂಗಸಿಗೆ ಆ ಹಾಡು ಮೊದಲು ತನ್ನ ಮನೆಯ ಸುದ್ದಿಯಾಗಿಯೇ ಕೇಳಿರಬೇಕು. ಅನುಭಾವ ಆಮೇಲೆ.

ಈಗ ಆ ಕಾಲದ ತಂತ್ರಜ್ಞಾನಕ್ಕೆ ಬರೋಣ. ಶರೀಫರು ಬದುಕಿದ್ದ 70 ವರ್ಷಗಳಲ್ಲಿ ಧಾರವಾಡ ಸೀಮೆ ಕಂಡಷ್ಟು ಹೊಸ ವ್ಯವಸ್ಥೆಗಳನ್ನು ಅದಕ್ಕೆ ಹಿಂದೆ ಯಾರೂ ಕಂಡಿರಲಿಲ್ಲ. 1840ರ ದಶಕದಲ್ಲಿ ಬ್ರಿಟಿಷರು ಹೊಲಹೊಲವನ್ನೂ ಅಳೆದು, ನಂಬರ್ ಹಾಕಿ, ಮಣ್ಣಿನ ಗುಣ ನೋಡಿ ಕಂದಾಯ ಕಟ್ಟಿದರು. ನಮ್ಮ ಪಹಣಿಯಲ್ಲಿ ಇವತ್ತಿಗೂ ಇರುವ ಸರ್ವೆ ನಂಬರಿನ ಮೂಲ ಅದು. ಅದೇ ಹೊತ್ತಿಗೆ ಅಮೆರಿಕದ ಹತ್ತಿಬೀಜ ಈ ಎರೆಹೊಲಕ್ಕೆ ಬಂತು. ಹತ್ತಿ ಬಿಡಿಸುವ ಯಂತ್ರಗಳು ಬಂದವು. ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋದ ಹತ್ತಿ ಅಲ್ಲಿಂದ ಮುಂಬಯಿಗೆ, ಇಂಗ್ಲೆಂಡಿಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ನಿಂತು ಇಲ್ಲಿನ ಹತ್ತಿಯ ದರ ಆಕಾಶಕ್ಕೆ ಏರಿತು. ಯುದ್ಧ ಮುಗಿಯಿತು, ದರ ಬಿತ್ತು. ಶಿಗ್ಗಾವಿಯ ಹೊಲದಲ್ಲಿ ನಿಂತವನಿಗೆ ಅದು ಏಕೆ ಏರಿತು, ಏಕೆ ಇಳಿಯಿತು ಅಂತ ಹೇಳುವವರು ಯಾರು? ಅಜ್ಜಿ ನಮಗೆ ಕೇಳಿದ ಪ್ರಶ್ನೆ ಆಗಲೂ ಅಲ್ಲೇ ಇತ್ತು.

ಆಮೇಲೆ 1876ರಿಂದ 1878ರವರೆಗೆ ದೊಡ್ಡ ಬರ. ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ಧಾರವಾಡ ಜಿಲ್ಲೆಗೂ ಬಲವಾದ ಪೆಟ್ಟು ಬಿತ್ತು. ಶರೀಫರಿಗೆ ಆಗ ಅರವತ್ತರ ಹತ್ತಿರದ ವಯಸ್ಸು. ಬರದ ಮುಂದಿನ ದಶಕದಲ್ಲೇ ಈ ಭಾಗಕ್ಕೆ ರೈಲು ಬಂತು, ಹುಬ್ಬಳ್ಳಿಗೆ ಉಗಿಯಿಂದ ನಡೆಯುವ ನೂಲಿನ ಗಿರಣಿ ಬಂತು.

ಗಿರಣಿಯ ಮೇಲೆ ಶರೀಫರು ಒಂದು ಹಾಡು ಕಟ್ಟಿದ್ದಾರೆ. ನಮ್ಮ ಈ ಲೇಖನದ ಹೃದಯ ಇರೋದು ಅಲ್ಲೇ. ಆ ಹಾಡಿನಲ್ಲಿ ಅವರು ಗಿರಣಿಯನ್ನು ನೋಡೋಕೆ ಕರೆಯುವುದು ಒಬ್ಬ ಹೆಣ್ಣುಮಗಳನ್ನು. ನೀರು, ಬೆಂಕಿ, ಗಾಳಿ ಮೂರೂ ಒಂದಾಗಿ ಯಂತ್ರವನ್ನು ನಡೆಸುತ್ತವೆ ಅಂತ ವಿವರಿಸುತ್ತಾರೆ. ಹತ್ತಿ ಒಳಗೆ ಹೋಗಿ ಏನೇನು ಆಗುತ್ತದೆ ಅಂತ ತೋರಿಸುತ್ತಾರೆ. ಆಮೇಲೆ ಅದನ್ನೇ ಮನುಷ್ಯನ ದೇಹದ ಕಡೆಗೆ, ಒಳಗಿನ ಸಾಧನೆಯ ಕಡೆಗೆ ತಿರುಗಿಸುತ್ತಾರೆ.

ಮೊದಲ ಸಲ ಓದಿದಾಗ ನಮ್ಮಲ್ಲಿ ಮೆಕ್ಯಾನಿಕಲ್ ಓದುವವನೊಬ್ಬ ಎದ್ದು ಕೂತ. ನೀರು, ಬೆಂಕಿ, ಗಾಳಿ ಅಂದರೆ ಬಾಯ್ಲರ್ ಅಲ್ಲವಾ! ನೀರಿಗೆ ಬೆಂಕಿ ಕೊಟ್ಟರೆ ಆವಿ, ಆವಿಯ ಒತ್ತಡಕ್ಕೆ ಪಿಸ್ಟನ್, ಪಿಸ್ಟನ್‌ನಿಂದ ಚಕ್ರ, ಚಕ್ರದಿಂದ ಪಟ್ಟೆ, ಪಟ್ಟೆಯಿಂದ ಒಂದೇ ಸಲಕ್ಕೆ ನೂರಾರು ಕದಿರು. ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ ನಾವು ಸೈಕಲ್ ಬಿಡಿಸಿ ಅರ್ಥ ಮಾಡಿಕೊಳ್ಳೋಕೆ ಒದ್ದಾಡಿದ್ದನ್ನು ಈ ಮನುಷ್ಯ ಮೂರು ಪದದಲ್ಲಿ ಹೇಳಿದ್ದಾರೆ. ಅದೂ ಪಂಚಭೂತ ಅಂತ ಊರಲ್ಲಿ ಪ್ರತಿಯೊಬ್ಬರಿಗೂ ಮೊದಲೇ ಗೊತ್ತಿರುವ ಪದಗಳಲ್ಲಿ. ಹೊಸ ವಸ್ತುವಿಗೆ ಹೊಸ ಪದ ತರಲಿಲ್ಲ. ಕೇಳುವವರಿಗೆ ಗೊತ್ತಿರುವುದನ್ನು ಹಿಡಿದುಕೊಂಡೇ ಗೊತ್ತಿಲ್ಲದ್ದರ ಬಾಗಿಲಿಗೆ ಕರೆದುಕೊಂಡು ಹೋದರು.

ನೋಡೋಕೆ ಕರೆದದ್ದು ಹೆಣ್ಣುಮಗಳನ್ನು ಅನ್ನೋದನ್ನೂ ನಾವು ಮರೆಯೋಕಾಗಲಿಲ್ಲ. ಯಾಕೆಂದರೆ ಗಿರಣಿ ಬರುವ ಮುಂಚೆ ನೂಲುವ ಕೆಲಸ ಹೆಂಗಸರದ್ದೇ. ಮನೆಕೆಲಸ ಮುಗಿಸಿ ರಾಟಿ ತಿರುಗಿಸಿದರೆ ಒಂದಿಷ್ಟು ಕಾಸು ಕೈಗೆ ಬರುತ್ತಿತ್ತು. ವಿಧವೆಯರಿಗೆ, ವಯಸ್ಸಾದವರಿಗೆ ಅದೇ ಆಸರೆ. ಮೊದಲು ಇಂಗ್ಲೆಂಡಿನ ಗಿರಣಿ ನೂಲು, ಆಮೇಲೆ ನಮ್ಮ ದೇಶದ ಗಿರಣಿ ನೂಲು ಬಂದ ಮೇಲೆ ರಾಟಿಗಳು ಅಟ್ಟ ಸೇರಿದವು. ನೇಕಾರರಿಗೆ ನೂಲು ಅಗ್ಗವಾಯ್ತು, ನೂಲುವವರಿಗೆ ಕೂಲಿ ಹೋಯ್ತು. ಒಂದೇ ಯಂತ್ರ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಶರೀಫರ ಹಾಡು ಇದನ್ನು ಹೀಗೆ ಲೆಕ್ಕ ಹಾಕಿ ಹೇಳುವುದಿಲ್ಲ. ಅವರು ಅರ್ಥಶಾಸ್ತ್ರಜ್ಞರಲ್ಲ. ಆದರೆ ಯಾರ ಕೈಯ ಕೆಲಸ ಆ ಗಿರಣಿಯೊಳಗೆ ಹೋಯಿತೋ, ಅವಳನ್ನೇ ಕರೆದು ಅದರ ಮುಂದೆ ನಿಲ್ಲಿಸಿದರು. ಅದು ದೇವರಲ್ಲ, ದೆವ್ವವೂ ಅಲ್ಲ, ನೀರು ಬೆಂಕಿ ಗಾಳಿಯ ಆಟ ಅಂತ ಬಿಚ್ಚಿ ತೋರಿಸಿದರು. ಗಿರಣಿಗೆ ಕೈಮುಗಿಯಲೂ ಇಲ್ಲ, ಕಲ್ಲು ಹೊಡೆಯಲೂ ಇಲ್ಲ.

ನಮ್ಮ ಮಟ್ಟಿಗೆ ಇಡೀ ವಿಷಯ ಇಷ್ಟೇ. ಯಂತ್ರ ಬಡವರ ಊರಿಗೆ ಬಂದ ಮಾತ್ರಕ್ಕೆ ಬಡವರದ್ದಾಗುವುದಿಲ್ಲ. ಅವರ ಮಾತಿನಲ್ಲಿ ಅದು ಅರ್ಥವಾಗಬೇಕು, ಅದರ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ಅವರಿಗಿರಬೇಕು. ಆಗ ಮಾತ್ರ ಅದು ಅವರದ್ದಾಗಲು ಶುರುವಾಗುತ್ತದೆ.

ಶರೀಫರ ಮಾತಿನ ಬಗ್ಗೆಯೂ ಹೇಳಬೇಕು. ಅವರದು ಶುದ್ಧ ಕನ್ನಡ ಅಂತ ಯಾರೂ ಹೇಳೋಕಾಗಲ್ಲ. ಉರ್ದು ಬರುತ್ತದೆ, ಮರಾಠಿ ಬರುತ್ತದೆ, ಸಂಸ್ಕೃತ ಬರುತ್ತದೆ, ಶಿಗ್ಗಾವಿ ಕಡೆಯ ಆಡುಮಾತಂತೂ ತುಂಬಿಕೊಂಡಿದೆ. ಇಂಗ್ಲಿಷ್ ಮೀಡಿಯಂನಿಂದ ಬಂದು ಕನ್ನಡ ಬರೆಯೋಕೆ ನಾಚಿಕೊಳ್ಳುವ ನಮ್ಮಂಥವರಿಗೆ ಇದರಿಂದ ಧೈರ್ಯ ಬರುತ್ತದೆ. ಬೆರಕೆ ಆಗುವುದು ತಪ್ಪಲ್ಲ. ಎದುರಿಗೆ ಕೂತವರಿಗೆ ತಿಳಿಯದ ಹಾಗೆ ಬೆರೆಸುವುದು ತಪ್ಪು. ನಮ್ಮ ಆ್ಯಪ್‌ನ ಮೋಡಲ್ ಆ ಎರಡನೇ ಜಾತಿಗೆ ಸೇರಿದ್ದು.

ಈ ಹಾಡುಗಳು ಜನಕ್ಕೆ ತಲುಪಿದ್ದು ಹೇಗೆ ಅನ್ನೋದೂ ನೋಡುವಂಥದ್ದು. ಅವರು ಇದ್ದ ಕಾಲದಲ್ಲಿ ಹಳ್ಳಿಯಲ್ಲಿ ಓದು ಬಲ್ಲವರೇ ಕಡಿಮೆ. ಹಾಗಾಗಿ ಹಾಡು ಬಾಯಿಂದ ಬಾಯಿಗೆ ಹೋಯ್ತು. ಭಜನೆಯ ಮನೆ, ಹೊಲದ ಬದು, ಸಂತೆ, ಮೊಹರಂ. ಮೊಹರಂನಲ್ಲಿ ಹೆಜ್ಜೆ ಹಾಕುತ್ತಾ ಹಾಡುವ ರಿವಾಯತ ಪದಗಳನ್ನೂ ಶರೀಫರು ಬರೆದಿದ್ದಾರೆ. ಆ ಕಡೆ ಮೊಹರಂ ಎರಡೂ ಧರ್ಮದವರ ಹಬ್ಬ. ದುಡ್ಡಿಲ್ಲದೆ, ಪುಸ್ತಕವಿಲ್ಲದೆ, ಅಕ್ಷರವಿಲ್ಲದೆ ಕೆಲಸ ಮಾಡುವ ನೆಟ್‌ವರ್ಕ್ ಅದು. ಯಾರು ಬೇಕಾದರೂ ಹಾಡಬಹುದು, ಕಾಪಿ ಮಾಡಬಹುದು. ಕೊನೆಯಲ್ಲಿ ಶಿಶುನಾಳಾಧೀಶ ಅನ್ನುವ ಅಂಕಿತ ಇರುತ್ತದೆ, ಅದೇ ಸಹಿ. ನವಲಗುಂದದ ನಾಗಲಿಂಗ ಸ್ವಾಮಿಗಳು, ಗರಗದ ಮಡಿವಾಳಪ್ಪನವರು ಇವರಿಗೆ ಸಮಕಾಲೀನರು, ಒಡನಾಡಿಗಳು. ಇವರೆಲ್ಲರ ಮಾತು ಆ ಬಯಲಿನಲ್ಲಿ ಒಂದರ ಜೊತೆ ಒಂದು ಸೇರಿ ಹರಿಯಿತು.

1889ರಲ್ಲಿ ಶರೀಫರು ತೀರಿಕೊಂಡರು. ಹುಟ್ಟಿದ ದಿನವೇ ತೀರಿಕೊಂಡ ದಿನ, ಜುಲೈ 3 ಅಂತ ಹೇಳುತ್ತಾರೆ. ಕೊನೆಯ ಗಳಿಗೆಯಲ್ಲಿ ಶರಣರ ಪದ್ಧತಿಯಂತೆ ಜಂಗಮರ ಪಾದ ತಲೆಯ ಮೇಲೆ ಇರಬೇಕು ಅಂತ ಬಯಸಿದರಂತೆ. ಇಷ್ಟು ದೊಡ್ಡವರ ತಲೆಯ ಮೇಲೆ ಹೇಗೆ ಕಾಲಿಡುವುದು ಅಂತ ಜಂಗಮರೇ ಹಿಂಜರಿದರಂತೆ. ಅಂತ್ಯಸಂಸ್ಕಾರದಲ್ಲಿ ಒಂದು ಕಡೆ ಕುರಾನ್ ಓದಿದರು, ಇನ್ನೊಂದು ಕಡೆ ಮಂತ್ರ ಹೇಳಿದರು. ಇವತ್ತಿಗೂ ಗದ್ದುಗೆಗೆ ಎರಡೂ ಕಡೆಯವರು ಬರುತ್ತಾರೆ. ನಾವು ಹೋದ ದಿನ ಒಬ್ಬ ತಾಯಿ ಮಗುವನ್ನು ಗದ್ದುಗೆಯ ಮುಂದೆ ಮಲಗಿಸಿ ಕೈಮುಗಿದು ನಿಂತಿದ್ದರು. ಅವರು ಯಾವ ಧರ್ಮದವರು ಅಂತ ನಮಗೆ ತಿಳಿಯಲಿಲ್ಲ. ತಿಳಿದುಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ.

ಅವರು ಹೋದ ನೂರು ವರ್ಷದ ಮೇಲೆ, 1990ರಲ್ಲಿ, ಟಿ. ಎಸ್. ನಾಗಾಭರಣ ಅವರು ಸಂತ ಶಿಶುನಾಳ ಶರೀಫ ಅನ್ನುವ ಸಿನಿಮಾ ಮಾಡಿದರು. ಶ್ರೀಧರ್ ಶರೀಫರಾದರು, ಗಿರೀಶ್ ಕಾರ್ನಾಡ್ ಗೋವಿಂದಭಟ್ಟರಾದರು. ಕ್ಯಾಸೆಟ್ ಅನ್ನುವ ತಂತ್ರಜ್ಞಾನ ಬಂದಿತ್ತು. ಶಿಶುನಾಳದ ಹಾಡು ಬೆಂಗಳೂರಿನ ಮನೆಗಳಿಗೆ, ಅಮೆರಿಕದ ಕನ್ನಡಿಗರ ಕಾರುಗಳಿಗೆ ಹೋಯ್ತು. ಹಾಡು ಇಷ್ಟು ದೂರ ಹೋಯ್ತು, ಹಾಡಿನಲ್ಲಿ ಬರುವ ಮಾಳಿಗೆ ಎಷ್ಟು ಊರಲ್ಲಿ ಇನ್ನೂ ಸೋರುತ್ತಿದೆ ಅನ್ನೋದು ಬೇರೆ ಪ್ರಶ್ನೆ.

ಹಾಗಾದರೆ ನಮ್ಮ ಕಾಲದ ಗಿರಣಿ ಯಾವುದು? ಒಂದು ಉದಾಹರಣೆ ನಮ್ಮ ರಾಜ್ಯದ್ದೇ ಇದೆ. ಶರೀಫರ ಕಾಲದಲ್ಲಿ ಅಳೆದು ಬರೆದ ಆ ಹೊಲದ ದಾಖಲೆಗಳು ನೂರೈವತ್ತು ವರ್ಷ ಕಾಗದದಲ್ಲೇ ಇದ್ದವು. ಪಹಣಿ ಬೇಕೆಂದರೆ ಶಾನುಭೋಗರನ್ನು, ಆಮೇಲೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕು, ಕಾಯಬೇಕು, ಕೈ ಬಿಸಿ ಮಾಡಬೇಕು. 1990ರ ದಶಕದ ಕೊನೆಗೆ ಶುರುವಾದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿತು. ಕೆಲವೇ ವರ್ಷಗಳಲ್ಲಿ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಪ್ರಿಂಟ್ ಆಗಿ ಬರೋ ಹಾಗಾಯ್ತು. ಹಾನಗಲ್ಲದಲ್ಲಾಗಲಿ, ಸವಣೂರಿನಲ್ಲಾಗಲಿ, ಹಿರೇಕೆರೂರಿನಲ್ಲಾಗಲಿ ಅದೇ ಕಾಗದ, ಅದೇ ದರ. ಪ್ರಪಂಚದ ಬೇರೆ ಬಡ ದೇಶಗಳವರೂ ಇದನ್ನು ನೋಡಿ ಕಲಿಯಲು ಬಂದರು. ಬೆಳೆ ಸಾಲಕ್ಕೆ ಪಹಣಿ ಬೇಕು, ಹಾಗಾಗಿ ಇದು ಸಣ್ಣ ಉಪಕಾರವಲ್ಲ. ನಮ್ಮಂಥ ಇಂಜಿನಿಯರುಗಳು ಹೆಮ್ಮೆ ಪಡಬೇಕಾದ ಕೆಲಸವೇ.

ಆದರೆ ಶರೀಫರ ಜೊತೆ ನಿಂತು ನೋಡಿದರೆ ಇನ್ನೊಂದೂ ಕಾಣುತ್ತದೆ. ಪಹಣಿಯಲ್ಲಿ ಹೆಸರಿದ್ದವರಿಗೆ ಅದು ಬೇಗ ಸಿಕ್ಕಿತು. ಹೆಸರೇ ಇಲ್ಲದವರಿಗೆ? ಕೂಲಿಗೆ ಹೋಗುವವರು, ಬಾಯಿಮಾತಿನ ಲಾವಣಿಯಲ್ಲಿ ಹೊಲ ಮಾಡುವವರು, ಗಂಡನ ಹೆಸರಲ್ಲಿರುವ ಹೊಲದಲ್ಲಿ ಜೀವಮಾನ ಪೂರ್ತಿ ಕಳೆ ಕಿತ್ತ ಹೆಂಗಸರು, ಇವರ ಹೆಸರು ಕಾಗದದಲ್ಲೂ ಇರಲಿಲ್ಲ, ಕಂಪ್ಯೂಟರಿನಲ್ಲೂ ಬರಲಿಲ್ಲ. ಡೇಟಾಬೇಸ್ ಕೊಟ್ಟದ್ದನ್ನು ಬೇಗ ಹುಡುಕಿ ಕೊಡುತ್ತದೆ. ಕೊಡದೇ ಇದ್ದದ್ದನ್ನು ಹುಟ್ಟಿಸುವುದಿಲ್ಲ. ಗಿರಣಿಯ ಹಾಗೇ ಇದೂ ಒಬ್ಬರಿಗೆ ಅನುಕೂಲ, ಇನ್ನೊಬ್ಬರಿಗೆ ಇದ್ದ ಹಾಗೇ. ಯಾರಿಗೆ ಏನಾಯ್ತು ಅಂತ ಕೇಳುವ ಅಭ್ಯಾಸ ನಮಗೆ ಯಾವ ಸಿಲೆಬಸ್ಸಿನಲ್ಲೂ ಇಲ್ಲ.

ಶರೀಫರು ಬಡತನ ನಿವಾರಣೆ ಮಾಡಿದರು ಅಂತ ನಾವು ಹೇಳುತ್ತಿಲ್ಲ. ಅವರೇ ಕೊನೆಯವರೆಗೂ ಬಡವರಾಗಿದ್ದರು. ನೌಕರಿ ಬಿಡಿ, ಊರೂರು ತಿರುಗಿ ಅಂತಲೂ ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಎಜುಕೇಶನ್ ಲೋನ್ ಕಂತು ಶುರುವಾಗುವುದರ ಭಯ ನಮಗೂ ಗೊತ್ತು. ನಾವು ಅವರಿಂದ ತಗೊಂಡದ್ದು ಒಂದೇ. ಹೊಸ ಯಂತ್ರ ಬಂದಾಗ, ಅದರಿಂದ ಹೆಚ್ಚು ಬದಲಾಗುವ ಮನುಷ್ಯನನ್ನು ಮೊದಲು ಕರೆದು ಅದರ ಮುಂದೆ ನಿಲ್ಲಿಸಬೇಕು. ಅವರ ಪದದಲ್ಲೇ ಬಿಚ್ಚಿ ತೋರಿಸಬೇಕು. ಆಮೇಲೆ ಅವರು ಏನು ಕೇಳುತ್ತಾರೋ ಅದನ್ನು ಕೇಳಿಸಿಕೊಳ್ಳಬೇಕು. ನಾವು ಇದನ್ನು ಉಲ್ಟಾ ಮಾಡಿದ್ವಿ. ಮೊದಲು ಆ್ಯಪ್ ಕಟ್ಟಿ, ಆಮೇಲೆ ಅಜ್ಜಿಯ ಹತ್ತಿರ ಹೋದ್ವಿ.

ಈ ಸೆಮಿಸ್ಟರ್‌ನಲ್ಲಿ ಅದೇ ಪ್ರಾಜೆಕ್ಟನ್ನು ಮತ್ತೆ ತೆಗೆದಿದ್ದೀವಿ. ಗ್ರಾಫ್ ಕಿತ್ತು ಹಾಕಿದ್ವಿ. ಮೂರು ದರಗಳನ್ನು ಈಗ ಕಮ್ಮಿ ದರ, ಹೆಚ್ಚಿನ ದರ, ಬಹಳ ಮಾಲು ಹೋದ ದರ ಅಂತ ಆ ಕಡೆಯ ಮಾತಿನಲ್ಲೇ ರೆಕಾರ್ಡ್ ಮಾಡಿದ್ದೀವಿ. ದನಿ ಆ ಅಜ್ಜಿಯದೇ. ಓದು ಬರದವರೂ ಒತ್ತಿ ಕೇಳಬಹುದು. ರೆಕಾರ್ಡಿಂಗ್ ಮಾಡುವಾಗ ಅವರು ಮೂರು ಸಲ ನಕ್ಕು ನಿಲ್ಲಿಸಿದರು, ನಾಲ್ಕನೇ ಸಲಕ್ಕೆ ಸರಿಯಾಯ್ತು.

ದರ ಹಚ್ಚೋರು ಯಾರು ಅನ್ನೋ ಅವರ ಪ್ರಶ್ನೆಗೆ ಮಾತ್ರ ಇನ್ನೂ ಬಟನ್ ಇಲ್ಲ. ಸದ್ಯಕ್ಕೆ ಅದನ್ನು ರಿಪೋರ್ಟಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೀವಿ.